ಸಹಾಯಕ ತರಬೇತುದಾರ ಎಮ್ಲೆನ್ ಟನೆಲ್

ಅಮೆರಿಕೆಯ ಫುಟ್ಬಾಲ್ ಎಂಬ ಆಟವು ನಮ್ಮ ವಾಚಕ ಬಂಧುಗಳಲ್ಲಿ ಬಹುಮಂದಿಗೆ ಅಪರಿಚಿತವಾದುದು. ಮುಂಬಯಿಯ ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ಪಿನ ಪಂದ್ಯಗಳನ್ನು ಕಣ್ಣಾರೆ ಕಂಡ ಹಿರಿಯರಿಗೂ ಇದು ಬೇರೆಯೇ ಆಟ. ಹೆಸರು ಕಾಲ್ಚೆಂಡಾದರೂ ಇಲ್ಲಿ ಕಾಲಿನ ಕೆಲಸ ಅಲ್ಪ, ಕೈಯ ಕೆಲಸವೇ ಅಧಿಕ. ಮೊಟ್ಟೆಯ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಇಲ್ಲವೇ ಮುಂದಕ್ಕೋಡಿದ ಜತೆಗಾರನಿಗೆ ಎಸೆಯುವುದು. ಎದುರಾಳಿಗಳು ಚೆಂಡು ಹಿಡಿದವನನ್ನು ಕೆಡಹುವುದು, ಇದೇ ಆಟದ ತಿರುಳು. ಹುತುತು ಬಲ್ಲ ನಮ್ಮವರಿಗೆ ಈ ಹಿಡಿತದ ಮರ್ಮವು ಬೇಗನೆ ತಿಳಿದೀತು. ಮೈದಾನದ ಉದ್ದ 100 ಗಜ. ಒಂದೊಂದು ಪಕ್ಷಕ್ಕೆ 11 ಮಂದಿ. ಚೆಂಡುಳ್ಳ ಪಕ್ಷವು ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದುವರಿಯಬೇಕು. ತಪ್ಪಿದರೆ ಚೆಂಡು ಎದುರು ಪಕ್ಷದ ಪಾಲಾಗುವುದು. ಎಸೆದ ಚೆಂಡನ್ನು ಎದುರಾಳಿಯು ನಡುದಾರಿಯಲ್ಲಿಯೇ ಹಾರಿ ಹಿಡಿದನೆಂದರೆ ಮಾತ್ರ ಆ ಕ್ಷಣದಲ್ಲಿಯೇ ಆಟವೆಲ್ಲ ತಿರುಗುಮುರುಗು.

ಹೀಗೆ ನಡುವೆ ನುಗ್ಗಿ ಚೆಂಡನ್ನು ಕಸಿಯುವ ವಿದ್ಯೆಯಲ್ಲಿ ತಮ್ಮ ಕಾಲಕ್ಕೆ ಸಾಟಿಯಿಲ್ಲದವರೆನಿಸಿ, ತರುವಾಯ ಅದೇ ವಿದ್ಯೆಯನ್ನು ಹತ್ತು ವರ್ಷಗಳ ಕಾಲ ಕಿರಿಯರಿಗೆ ಕಲಿಸಿ, ಕೊನೆಯವರೆಗೂ ಸಹಾಯಕರಾಗಿಯೇ ಉಳಿದ ಎಮ್ಲೆನ್ ಟನೆಲ್ಲರ ಜೀವನವನ್ನು ನಾವಿಂದು ಹೇಳಹೊರಟಿದ್ದೇವೆ.

ಟನೆಲ್ಲರು 1924ನೆಯ ಇಸವಿ ಮಾರ್ಚ್ 29ರಂದು ಪೆನ್ಸಿಲ್ವೇನಿಯ ಸಂಸ್ಥಾನದ ಬ್ರಿನ್ ಮಾರ್ ಎಂಬಲ್ಲಿ ಜನಿಸಿದರು. ಬೆಳೆದುದು ಫಿಲಡೆಲ್ಫಿಯ ನಗರದ ಹೊರವಲಯದ ಗ್ಯಾರೆಟ್ ಹಿಲ್‌ನಲ್ಲಿ. ತಾಯಿಯು ಪರರ ಮನೆಗಳಲ್ಲಿ ಕೆಲಸಮಾಡಿ ಸಂಸಾರ ಸಾಗಿಸುತ್ತಿದ್ದಳು. ಅವರು ಕಪ್ಪು ಜನಾಂಗದವರು. ಅಮೆರಿಕೆಯ ವೃತ್ತಿಪರ ಫುಟ್ಬಾಲ್ ಲೀಗಿನಲ್ಲಿ 1934ರಿಂದ 1945ರವರೆಗೆ ಕಪ್ಪು ಆಟಗಾರನೊಬ್ಬನೂ ಇರಲಿಲ್ಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡು ವಾಚಕರು ಮುಂದೆ ಓದಬೇಕು. ಹಾಗೆಂದು ಬರೆದಿಟ್ಟ ನಿಯಮವಾವುದೂ ಇರಲಿಲ್ಲ. ಮಾಲಿಕರು ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೆ. ಬಾಲಕ ಎಮ್ಲೆನನು ಶಾಲೆಯಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಅದನ್ನು ಹೊಟ್ಟೆಪಾಡಿನ ದಾರಿಯೆಂದು ಎಣಿಸಲು ಕಾರಣವಿರಲಿಲ್ಲ.

1942ರಲ್ಲಿ ಅವರು ಒಹಾಯೊ ಸಂಸ್ಥಾನದ ಟೊಲೀಡೊ ವಿಶ್ವವಿದ್ಯಾಲಯವನ್ನು ಸೇರಿದರು. ಅದೇ ವರ್ಷ ಪಂದ್ಯವೊಂದರಲ್ಲಿ ಅವರ ಕತ್ತಿನ ಎಲುಬು ಮುರಿಯಿತು. ಅನ್ಯರಾಗಿದ್ದರೆ ಅಲ್ಲಿಗೇ ಆಟದ ಮಾತು ಮುಗಿಯುತ್ತಿದ್ದಿತು. ಇವರಾದರೋ ಕೆಲವೇ ತಿಂಗಳಲ್ಲಿ ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದರು. ಆ ತಂಡವು 1943ರಲ್ಲಿ ನ್ಯೂಯಾರ್ಕಿನ ದೊಡ್ಡ ಆಹ್ವಾನಿತ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ತಲುಪಿ ಸೇಂಟ್ ಜಾನ್ಸ್ ತಂಡಕ್ಕೆ ಸೋತಿತು. ಆಗ ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ ಕಾಲ. ಮುರಿದ ಕತ್ತಿನವನು ಬೇಡವೆಂದು ಭೂಸೈನ್ಯವೂ ನೌಕಾಸೈನ್ಯವೂ ಅವರನ್ನು ತಿರಸ್ಕರಿಸಿದುವು. ಕಡೆಗೆ ಕರಾವಳಿ ರಕ್ಷಣಾ ಪಡೆಯು ಸೇರಿಸಿಕೊಂಡಿತು.

ಸೇರಿಸಿಕೊಂಡುದು ಯಾವ ಕೆಲಸಕ್ಕೆಂದು ಹೇಳಿದರೆ ನಮ್ಮ ಹೊಟೇಲು ಬಂಧುಗಳು ಕಿವಿ ನಿಮಿರಿಸಿಯಾರು. ಆ ದಿನಗಳಲ್ಲಿ ಹಡಗು ಸೇರಿದ ಕಪ್ಪು ಯುವಕರಲ್ಲಿ ಬಹುಮಂದಿಗೆ ದೊರೆಯುತ್ತಿದ್ದುದು ಸ್ಟೂವರ್ಡನ ಕೆಲಸವೊಂದೇ. ಅಧಿಕಾರಿಗಳ ಊಟದ ಮೇಜಿಗೆ ಬಡಿಸುವುದು, ತಟ್ಟೆ ಬಟ್ಟಲುಗಳನ್ನು ನೋಡಿಕೊಳ್ಳುವುದು, ಕೋಣೆಗಳನ್ನು ಅಣಿಗೊಳಿಸುವುದು. ಟನೆಲ್ಲರೂ ಅದನ್ನೇ ಮಾಡಿದರು. 1944ರ ಏಪ್ರಿಲಿನಲ್ಲಿ ಅವರಿದ್ದ ಎಟಮಿನ್ ಎಂಬ ಸರಕು ಹಡಗು ನ್ಯೂಗಿನಿಯ ದ್ವೀಪದ ಐಟಾಪೆ ಎಂಬಲ್ಲಿ ನಿಂತಿದ್ದಾಗ ಜಪಾನಿ ವಿಮಾನವೊಂದು ಟಾರ್ಪೆಡೊ ಪ್ರಯೋಗಿಸಿತು. ಹಡಗಿಗೆ ಬೆಂಕಿ ಹತ್ತಿಕೊಂಡಿತು. ಜತೆಗಾರನೊಬ್ಬನ ಮೈಯೆಲ್ಲ ಉರಿಯುತ್ತಿರುವುದನ್ನು ಕಂಡು ಟನೆಲ್ಲರು ಬರಿಗೈಯಿಂದಲೇ ಬಡಿದು ಆ ಬೆಂಕಿಯನ್ನು ನಂದಿಸಿದರು, ತಾವೂ ಸುಟ್ಟುಕೊಂಡರು. ಎರಡು ವರ್ಷಗಳ ತರುವಾಯ 1946ರಲ್ಲಿ ನ್ಯೂಫೌಂಡ್‌ಲೆಂಡಿನ ಬಳಿ ಟಾಂಪ ಎಂಬ ಹಡಗಿನಿಂದ ಸಂಗಡಿಗನೊಬ್ಬನು ಸಮುದ್ರಕ್ಕೆ ಬಿದ್ದನು. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದ್ದಿತು. ಆಗಲೂ ಟನೆಲ್ಲರೇ ಹಾರಿ ಅವನನ್ನು ಮೇಲಕ್ಕೆ ತಂದರು.

ಈ ಎರಡು ಸಾಹಸಗಳಿಗಾಗಿ ಅವರಿಗೆ ಜೀವರಕ್ಷಣೆಯ ರಜತ ಪದಕವು ಸಂದಿತು. ಯಾವಾಗ? 2011ರಲ್ಲಿ, ಅವರು ಗತಿಸಿ ಮೂವತ್ತಾರು ವರ್ಷಗಳಾದ ಮೇಲೆ. 2021ರಲ್ಲಿ ಆ ಪಡೆಯು ತನ್ನದೊಂದು ಹೊಸ ಹಡಗಿಗೆ ಎಮ್ಲೆನ್ ಟನೆಲ್ ಎಂದೇ ಹೆಸರಿಟ್ಟು ಸೇವೆಗೆ ಸೇರಿಸಿಕೊಂಡಿತು. ಊಟ ಬಡಿಸಲೆಂದು ಹಡಗು ಹತ್ತಿದವನ ಹೆಸರು ಹಡಗಿಗೇ ಬಂದಿತು.

ಯುದ್ಧ ಮುಗಿದ ಬಳಿಕ ಅವರು ಅಯೋವ ವಿಶ್ವವಿದ್ಯಾಲಯದಲ್ಲಿ ಓದುತ್ತ ಆಡಿದರು. ಆದರೆ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ, ಕೈಯಲ್ಲಿ ಕಾಸಿಲ್ಲದೆ, ಓದನ್ನು ಅರ್ಧಕ್ಕೇ ಬಿಡಬೇಕಾಯಿತು. ಅಷ್ಟರಲ್ಲಿ ವೃತ್ತಿಪರ ಲೀಗಿನ ಬಾಗಿಲು ತುಸು ಸರಿದಿದ್ದಿತು. 1946ರಲ್ಲಿ ಲಾಸ್ ಏಂಜಲೀಸಿನ ರ‍್ಯಾಮ್ಸ್ ತಂಡವು ಕೆನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ಸೇರಿಸಿಕೊಂಡಿದ್ದಿತು. ನ್ಯೂಯಾರ್ಕಿನ ಜಯಂಟ್ಸ್ ತಂಡದಲ್ಲಿ ಮಾತ್ರ ಅದುವರೆಗೆ ಒಬ್ಬನೂ ಇರಲಿಲ್ಲ. ಲೀಗಿನ ಆಯ್ಕೆಪಟ್ಟಿಯಲ್ಲಿ ಯಾರೂ ಟನೆಲ್ಲರ ಹೆಸರನ್ನೆತ್ತಿರಲಿಲ್ಲ. 1948ರ ಬೇಸಗೆಯಲ್ಲಿ ಅವರು ರಸ್ತೆಯಲ್ಲಿ ಕೈ ತೋರಿಸಿ, ಬಾಳೆಹಣ್ಣು ಸಾಗಿಸುವ ಲಾರಿಯೊಂದನ್ನು ಹತ್ತಿ ನ್ಯೂಯಾರ್ಕಿಗೆ ಬಂದಿಳಿದರು. ನೇರವಾಗಿ ಜಯಂಟ್ಸ್ ತಂಡದ ಕಚೇರಿಗೆ ನಡೆದು, ಮಾಲಿಕರಾದ ಟಿಮ್ ಮಾರರನ್ನು ಕಂಡು, ತನ್ನ ಆಟವನ್ನು ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಂಡರು.

ನಾವು ಬಹುಕಾಲ ಹೊಟೇಲು ನಡೆಸಿದವರು. ಕೈಯಲ್ಲೊಂದು ಚೀಲ ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೆಲಸ ಕೇಳಿದ ಹುಡುಗರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇವೆ. ಅಂತಹ ಹುಡುಗನನ್ನು ಒಳಗೆ ಕರೆಯಲು ಮಾಲಿಕನಿಗೆ ಅರ್ಧ ನಿಮಿಷದ ಮನಸ್ಸು ಸಾಕು. ಹೊರಗೆ ಕಳುಹಿಸಲು ಅಷ್ಟೂ ಬೇಡ. ಮಾರರು ಒಳಗೆ ಕರೆದರು. ಅಂದಿನಿಂದ ಟನೆಲ್ಲರು ಜಯಂಟ್ಸ್ ತಂಡದ ಮೊದಲ ಕಪ್ಪು ಆಟಗಾರರಾದರು.

ಅವರಿಗೆ ದೊರೆತ ಜಾಗವು ಹಿಂದಿನ ಸಾಲಿನ ರಕ್ಷಕನದು. ಮುಂದಿನವರೆಲ್ಲರನ್ನೂ ದಾಟಿ ಬಂದ ಎದುರಾಳಿಗೆ ಅಡ್ಡವಾಗಿ ನಿಲ್ಲುವವನು ಇವನು. ಇವನು ತಪ್ಪಿದರೆ ಮತ್ತೆ ಹಿಡಿಯುವವರಿಲ್ಲ. ತಂಡದ ಮುಖ್ಯ ತರಬೇತುದಾರರಾದ ಸ್ಟೀವ್ ಓವನ್ನರು 1950ರಲ್ಲಿ ಹೊಸದೊಂದು ವ್ಯೂಹವನ್ನು ರಚಿಸಿದರು. ಮುಂದಿನ ಸಾಲಿನ ಇಕ್ಕೆಲಗಳಲ್ಲಿರುವವರು ಬೇಕೆಂದಾಗ ಹಿಂದಕ್ಕೆ ಸರಿದು ಹಿಂದಿನ ನಾಲ್ವರೊಡನೆ ಸೇರಿಕೊಳ್ಳುವರು. ಮೇಲಿನಿಂದ ನೋಡಿದರೆ ಬಿಚ್ಚಿದ ಕೊಡೆಯಂತೆ ತೋರುವುದು. ಆದುದರಿಂದ ಅದಕ್ಕೆ ಕೊಡೆಯ ವ್ಯೂಹವೆಂದೇ ಹೆಸರಾಯಿತು. ಆ ವರ್ಷ ಲೀಗಿಗೆ ಹೊಸದಾಗಿ ಬಂದ ಕ್ಲೀವ್‌ಲೆಂಡಿನ ಬ್ರೌನ್ಸ್ ತಂಡವು ಚೆಂಡೆಸೆಯುವುದರಲ್ಲಿ ಪ್ರಚಂಡವಾಗಿದ್ದಿತು. ಅಕ್ಟೋಬರ್ 1ರಂದು ಜಯಂಟ್ಸರು ಅದೇ ತಂಡವನ್ನು ಅದರ ಊರಿನಲ್ಲಿಯೇ ಒಂದು ಅಂಕವನ್ನೂ ಕೊಡದೆ 6–0 ರಿಂದ ಸೋಲಿಸಿದರು. ಕೊಡೆಯ ಹಿಂಭಾಗದ ನಾಲ್ವರಲ್ಲಿ ಒಬ್ಬರು ಟನೆಲ್. ಇನ್ನೊಬ್ಬರು ಟಾಮ್ ಲ್ಯಾಂಡ್ರಿ ಎಂಬ ಬಿಳಿಯ ತರುಣ. ಟನೆಲ್ಲರು ಹುಟ್ಟಿದ ವರ್ಷವೇ ಹುಟ್ಟಿದವರು, ಟೆಕ್ಸಾಸಿನವರು. ಈ ಎರಡನೆಯ ಹೆಸರನ್ನು ವಾಚಕರು ಮರೆಯಬಾರದು; ಅದರ ಪ್ರಸ್ತಾಪ ಮುಂದೆ ಬರಲಿದೆ.

ರಕ್ಷಕನೆಂದರೆ ತಡೆಯುವವನು, ಗಳಿಸುವವನಲ್ಲ ಎಂಬುದು ಆಗಿನ ಭಾವನೆ. ಟನೆಲ್ಲರು ಆ ಭಾವನೆಯನ್ನೇ ತಲೆಕೆಳಗು ಮಾಡಿದರು. ಚೆಂಡನ್ನು ಕಸಿದ ಮರುಕ್ಷಣವೇ ಅವರು ಎದುರು ಪಕ್ಷದತ್ತ ಓಡತೊಡಗುವರು. ಎದುರಾಳಿಗಳು ದೂರಕ್ಕೆ ಒದ್ದ ಚೆಂಡನ್ನು ಹಿಡಿದು ಹಿಂದಿರುಗಿಸುವ ಕೆಲಸವೂ ಅವರದೇ ಆಗಿದ್ದಿತು. 1952ರಲ್ಲಿ ಹೀಗೆ ಕಸಿದ ಮತ್ತು ಹಿಂದಿರುಗಿಸಿದ ಚೆಂಡುಗಳಿಂದ ಅವರು ಓಡಿದುದು ಒಂಬೈನೂರು ಗಜಗಳಿಗೂ ಮಿಗಿಲು. ಓಡುವುದೇ ಕೆಲಸವಾಗಿದ್ದ ಆಟಗಾರರಲ್ಲಿ ಆ ವರ್ಷ ಮೊದಲಿಗನಾದ ಡ್ಯಾನ್ ಟೌಲರನ ಗಳಿಕೆ 894 ಗಜ. ಕಾವಲುಗಾರನೇ ಬೇಟೆಗಾರನನ್ನು ಮೀರಿಸಿದಂತಾಯಿತು.

ಈ ವಿದ್ಯೆ ಕೇವಲ ಕಾಲಿನ ಬಲದಿಂದ ಬರತಕ್ಕುದಲ್ಲ. ಎಸೆಯುವವನ ಭುಜವು ಯಾವ ಕಡೆಗೆ ತಿರುಗಿದೆ, ಅವನ ಕಣ್ಣು ಎತ್ತ ಹೊರಳಿತು, ಹಿಡಿಯಲು ಓಡಿದವನು ಎಷ್ಟನೆಯ ಹೆಜ್ಜೆಗೆ ಮಗ್ಗುಲು ಬದಲಿಸುವನು, ಇವನ್ನೆಲ್ಲ ಕ್ಷಣಾರ್ಧದಲ್ಲಿ ಓದಿಕೊಳ್ಳಬೇಕು. ನುರಿತ ಸಪ್ಲಾಯರನು ಗಿರಾಕಿಯು ಬಾಯಿ ತೆರೆಯುವ ಮೊದಲೇ ಏನು ಬೇಕೆಂಬುದನ್ನು ಅರಿಯುವಂತೆ ಎನ್ನೋಣ.

1956ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್ಮಿನಲ್ಲಿ, ನೆಲವು ಹಿಮಗಟ್ಟಿ ಕಲ್ಲಿನಂತಾಗಿದ್ದಾಗ, ಜಯಂಟ್ಸರು ಮೊಳೆಯ ಬೂಟುಗಳನ್ನು ಬಿಟ್ಟು ರಬ್ಬರಿನ ಅಡಿಯ ಬೂಟು ತೊಟ್ಟು ಶಿಕಾಗೊ ಬೇರ್ಸ್ ತಂಡವನ್ನು 47–7 ರಿಂದ ಸೋಲಿಸಿ ಲೀಗಿನ ವಿಜೇತರಾದರು. ಟನೆಲ್ಲರ ಮೊದಲ ವಿಜಯಪಟ್ಟವದು. 1958ರ ತರುವಾಯ ಅವರು ಜಯಂಟ್ಸನ್ನು ಬಿಟ್ಟು ಗ್ರೀನ್ ಬೇ ಎಂಬ ಸಣ್ಣ ಊರಿನ ಪ್ಯಾಕರ್ಸ್ ತಂಡಕ್ಕೆ ಹೋದರು. ಕರೆದೊಯ್ದವರು ವಿನ್ಸ್ ಲೊಂಬಾರ್ಡಿ. ಲೊಂಬಾರ್ಡಿಯವರು ಅದಕ್ಕೆ ಮುನ್ನ ಜಯಂಟ್ಸಿನಲ್ಲಿ ಸಹಾಯಕ ತರಬೇತುದಾರರಾಗಿದ್ದು 1959ರಲ್ಲಿ ಪ್ಯಾಕರ್ಸಿನ ಮುಖ್ಯ ತರಬೇತುದಾರರಾದರು. ಹಿಂದಿನ ವರ್ಷ ಒಂದೇ ಒಂದು ಪಂದ್ಯವನ್ನು ಗೆದ್ದಿದ್ದ ತಂಡವದು. ಸೋತು ಸೋತು ಬಸವಳಿದ ತರುಣರ ನಡುವೆ, ಗೆಲುವಿನ ರೀತಿನೀತಿಗಳನ್ನು ಬಲ್ಲ ಹಿರಿಯನೊಬ್ಬನು ಬೇಕೆಂಬುದು ಲೊಂಬಾರ್ಡಿಯವರ ಎಣಿಕೆ. ಆ ಊರಿನಲ್ಲಿ ಕಪ್ಪು ಜನರು ತೀರ ವಿರಳ. ಅವರಿಗೆ ಬಾಡಿಗೆಯ ಮನೆ ದೊರೆಯುವುದೇ ಕಷ್ಟವಾಗಿದ್ದಿತು. ಟನೆಲ್ಲರು ನಾರ್ತ್‌ಲೆಂಡ್ ಎಂಬ ಹೊಟೇಲಿನ ಕೋಣೆಯಲ್ಲಿ ಉಳಿದುಕೊಂಡರು. ಬಾಡಿಗೆಯನ್ನು ಲೊಂಬಾರ್ಡಿಯವರು ವಹಿಸಿಕೊಂಡರು.

ಅಧಿಕೃತವಾಗಿ ಆಟಗಾರರಾಗಿದ್ದರೂ ಟನೆಲ್ಲರು ಗುರುವಾದುದು ಇಲ್ಲಿ. 1960ರಲ್ಲಿ ವಿಲಿ ವುಡ್ ಎಂಬ ಕಪ್ಪು ತರುಣನೊಬ್ಬನು ಬಂದನು. ಅವನನ್ನೂ ಯಾವ ತಂಡವೂ ಆರಿಸಿರಲಿಲ್ಲ. ತಂಡಗಳಿಗೆ ತಾನೇ ಕಾಗದ ಬರೆದು ಅವಕಾಶ ಬೇಡಿದ್ದನು. ಕಾಲೇಜಿನಲ್ಲಿ ಚೆಂಡೆಸೆಯುತ್ತಿದ್ದವನು ಇಲ್ಲಿ ಚೆಂಡು ಕಸಿಯುವುದನ್ನು ಕಲಿಯಬೇಕಾಗಿದ್ದಿತು. ಟನೆಲ್ಲರು ಅವನಿಗೆ ತಮ್ಮ ಗುಟ್ಟುಗಳನ್ನೆಲ್ಲ ಹೇಳಿಕೊಟ್ಟರು. ತನ್ನ ಜಾಗಕ್ಕೆ ಬರುವವನನ್ನು ತಾನೇ ತಿದ್ದುವುದು ಸುಲಭವಲ್ಲ; ಒಲೆಯ ಮುಂದಿನ ಗುಟ್ಟನ್ನು ಸಾಯುವವರೆಗೂ ಬಿಟ್ಟುಕೊಡದ ಭಟ್ಟರನ್ನು ನಾವೆಲ್ಲ ಬಲ್ಲೆವು. 1961ರ ವೇಳೆಗೆ ವುಡ್ ಆ ಜಾಗದಲ್ಲಿ ನಿಂತನು. 1962ರಲ್ಲಿ ಇಡೀ ಲೀಗಿನಲ್ಲಿಯೇ ಅತ್ಯಧಿಕವಾಗಿ, ಒಂಬತ್ತು ಚೆಂಡುಗಳನ್ನು ಕಸಿದನು. 1961ರ ಡಿಸೆಂಬರ್ 31ರಂದು ಪ್ಯಾಕರ್ಸ್ ತಂಡವು ಅಂತಿಮ ಪಂದ್ಯದಲ್ಲಿ ಟನೆಲ್ಲರ ಹಳೆಯ ಜಯಂಟ್ಸನ್ನೇ 37–0 ರಿಂದ ಸೋಲಿಸಿತು. ಅದರೊಡನೆ ಅವರ ಆಟದ ಕಾಲವು ಮುಗಿಯಿತು.

ಹದಿನಾಲ್ಕು ಋತುಗಳಲ್ಲಿ ಅವರು ಕಸಿದ ಚೆಂಡುಗಳು 79. ಅವುಗಳೊಡನೆ ಓಡಿದ ದೂರ 1,282 ಗಜ. 1979ರಲ್ಲಿ ಪಾಲ್ ಕ್ರೌಸ್ ಎಂಬುವನು ಮೀರುವವರೆಗೆ 79 ಎಂಬ ಸಂಖ್ಯೆಯೇ ದಾಖಲೆಯಾಗಿದ್ದಿತು. ಕ್ರೌಸನದು 81. ಮೂರನೆಯವರಾರೂ ಈತನಕ ಟನೆಲ್ಲರನ್ನು ದಾಟಿಲ್ಲ.

ಆ ಬಳಿಕ ಅವರು ಹೊಸ ಆಟಗಾರರನ್ನು ಹುಡುಕುವ ಕೆಲಸವನ್ನು ಕೆಲಕಾಲ ನಿರ್ವಹಿಸಿದರು. 1965ರಲ್ಲಿ ಜಯಂಟ್ಸ್ ತಂಡವು ಅವರನ್ನು ಪೂರ್ಣಾವಧಿಯ ಸಹಾಯಕ ತರಬೇತುದಾರರನ್ನಾಗಿ ನೇಮಿಸಿಕೊಂಡಿತು. ಹಿಂದಿನ ಸಾಲಿನ ರಕ್ಷಕರ ಹೊಣೆ ಅವರದು. ಆ ಲೀಗಿನಲ್ಲಿ ಇಂತಹ ಹುದ್ದೆಗೇರಿದ ಮೊದಲ ಕಪ್ಪು ಜನರಲ್ಲಿ ಅವರೊಬ್ಬರು. ಅವರಿಗಿಂತ ಮೊದಲು 1957ರಲ್ಲಿ ಪಿಟ್ಸ್‌ಬರ್ಗಿನ ತಂಡದಲ್ಲಿ ಲೊವೆಲ್ ಪೆರಿ ಎಂಬವರು ಸಹಾಯಕರಾಗಿದ್ದುಂಟು; ಆದರೆ ಟನೆಲ್ಲರಂತೆ ವರ್ಷ ವರ್ಷವೂ ನಿಂತು ಆ ಕೆಲಸವನ್ನು ಮಾಡಿ ಲೋಕಕ್ಕೆ ರೂಢಿಮಾಡಿಸಿದವರು ಬೇರೊಬ್ಬರಿರಲಿಲ್ಲ.

ಸಹಾಯಕ ತರಬೇತುದಾರನ ದಿನಚರಿಯನ್ನು ಪತ್ರಿಕೆಗಳು ವರ್ಣಿಸುವುದಿಲ್ಲ. ಕಳೆದ ಪಂದ್ಯದ ಫಿಲ್ಮನ್ನು ಕತ್ತಲೆಯ ಕೋಣೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ, ಯಾವನ ಹೆಜ್ಜೆ ಎಲ್ಲಿ ತಪ್ಪಿತೆಂದು ಗುರುತುಹಾಕಬೇಕು. ಮುಂದಿನ ಎದುರಾಳಿಯ ವಾಡಿಕೆಗಳನ್ನು ಕಲೆಹಾಕಬೇಕು. ಹುಡುಗರನ್ನು ಮೈದಾನದಲ್ಲಿ ನಿಲ್ಲಿಸಿ ಒಂದೇ ಹಿಂದೆಜ್ಜೆಯನ್ನು ನೂರು ಸಲ ಹಾಕಿಸಬೇಕು. ಗೆದ್ದರೆ ಕೀರ್ತಿ ಮುಖ್ಯಸ್ಥನದು. ಸೋತರೆ ಮಾತ್ರ ಇವನಿಗೂ ಪಾಲುಂಟು.

ಟನೆಲ್ಲರ ಪಾಲಿಗೆ ಸೋಲೇ ಹೆಚ್ಚಾಗಿ ಬಂದಿತೆಂಬುದನ್ನು ಮರೆಮಾಚುವುದು ತರವಲ್ಲ. 1966ರಲ್ಲಿ ಜಯಂಟ್ಸ್ ತಂಡವು ಹದಿನಾಲ್ಕು ಪಂದ್ಯಗಳಲ್ಲಿ ಗೆದ್ದುದು ಒಂದನ್ನು. ಹನ್ನೆರಡರಲ್ಲಿ ಸೋತಿತು, ಒಂದು ಸಮಸಮ. ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕಗಳು 501. ವಾಷಿಂಗ್ಟನ್ ತಂಡದೊಡನೆ ಆಡಿದ ಪಂದ್ಯವೊಂದರಲ್ಲಿಯೇ 72 ಅಂಕಗಳು ಹೋದುವು. ರಕ್ಷಣೆಯಲ್ಲಿ ಅದ್ವಿತೀಯನೆನಿಸಿದವನ ಶಿಷ್ಯರ ಮೇಲೆ ಅಷ್ಟು ಅಂಕಗಳು! ತಾನು ಬಲ್ಲುದನ್ನು ಪರರ ಕಾಲಿನಲ್ಲಿ ಇಳಿಸುವುದು ಬೇರೆ ಕೆಲಸವೆಂಬುದನ್ನು ಅವರು ಆ ವರ್ಷ ಚೆನ್ನಾಗಿ ಉಂಡಿರಬೇಕು. ವಿಚಿತ್ರವೆಂದರೆ, ಫುಟ್‌ಸ್ಟೆಪ್ಸ್ ಆಫ್ ಎ ಜಯಂಟ್ ಎಂಬ ಅವರ ಆತ್ಮಕಥೆಯು ಪ್ರಕಟವಾದುದೂ ಅದೇ 1966ರಲ್ಲಿ. ಮರುವರ್ಷವೇ, 1967ರಲ್ಲಿ, ಒಹಾಯೊದ ಕ್ಯಾಂಟನ್ ನಗರದಲ್ಲಿರುವ ವೃತ್ತಿಪರ ಫುಟ್ಬಾಲಿನ ಕೀರ್ತಿಮಂದಿರಕ್ಕೆ ಅವರನ್ನು ಸೇರಿಸಲಾಯಿತು. ಅಲ್ಲಿಗೆ ಸೇರಿದ ಮೊದಲ ಕಪ್ಪು ಆಟಗಾರರು ಅವರು. ಕೇವಲ ರಕ್ಷಣೆಯ ಆಟದಿಂದ ಸೇರಿದವರಲ್ಲಿಯೂ ಮೊದಲಿಗರು.

ಈಗ ಟಾಮ್ ಲ್ಯಾಂಡ್ರಿಯವರ ಮಾತಿಗೆ ಬರೋಣ. ಅದೇ ಕೊಡೆಯ ಕೆಳಗೆ ಟನೆಲ್ಲರೊಡನೆ ನಿಂತಿದ್ದ ಲ್ಯಾಂಡ್ರಿಯವರು 1954ರಲ್ಲಿ, ಆಡುತ್ತಿರುವಾಗಲೇ, ತಂಡದ ಸಹಾಯಕ ತರಬೇತುದಾರರೂ ಆದರು. 1960ರಲ್ಲಿ ಡಲ್ಲಸ್ ಕೌಬಾಯ್ಸ್ ಎಂಬ ಹೊಸ ತಂಡದ ಮುಖ್ಯಸ್ಥರಾಗಿ, 1988ರವರೆಗೆ ಆ ಪೀಠದಲ್ಲಿ ಕುಳಿತರು. ಲೊಂಬಾರ್ಡಿಯವರ ವಿಷಯವನ್ನು ಮೇಲೆ ಹೇಳಿದೆವು. ಜಯಂಟ್ಸಿನ ಸಹಾಯಕರಾಗಿದ್ದ ಆಲಿ ಶೆರ್ಮನ್ನರೂ 1961ರಲ್ಲಿ ಅಲ್ಲಿಯೇ ಮುಖ್ಯಸ್ಥರಾದರು. ಲ್ಯಾಂಡ್ರಿಯವರು ಎಂಜಿನಿಯರಿಂಗ್ ಓದಿದವರು, ಆಟವನ್ನು ನಕ್ಷೆಯಂತೆ ಬಿಡಿಸಿ ನೋಡಬಲ್ಲವರು; ಅವರ ಯೋಗ್ಯತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಎಲ್ಲ ಒಳ್ಳೆಯ ಆಟಗಾರರೂ ಒಳ್ಳೆಯ ಮುಖ್ಯಸ್ಥರಾಗುವರೆಂದೂ ಹೇಳುತ್ತಿಲ್ಲ. ಟನೆಲ್ಲರನ್ನು ಕೂರಿಸಿದ್ದರೆ ಸೋಲುತ್ತಿದ್ದರೋ ಗೆಲ್ಲುತ್ತಿದ್ದರೋ ಬಲ್ಲವರಾರು? ಕೂರಿಸಿ ನೋಡುವ ಮನಸ್ಸೇ ಯಾವ ಮಾಲಿಕನಿಗೂ ಬರಲಿಲ್ಲ. 1920ರ ದಶಕದಲ್ಲಿ ಫ್ರಿಟ್ಸ್ ಪೊಲಾರ್ಡ್ ಎಂಬ ಕಪ್ಪು ಆಟಗಾರರು ಮುಖ್ಯ ತರಬೇತುದಾರರಾಗಿದ್ದರು. ಅವರ ತರುವಾಯ ಆ ಲೀಗಿನಲ್ಲಿ ಕಪ್ಪು ಜನಾಂಗದ ಇನ್ನೊಬ್ಬರು ಆ ಹುದ್ದೆಗೆ ಬಂದುದು 1989ರಲ್ಲಿ, ಲಾಸ್ ಏಂಜಲೀಸಿನ ರೇಡರ್ಸ್ ತಂಡದ ಆರ್ಟ್ ಶೆಲ್. ಟನೆಲ್ಲರ ಸಹಾಯಕಗಿರಿಯ ವರ್ಷಗಳೆಲ್ಲವೂ ಈ ನಡುವಿನ ಬರಗಾಲದಲ್ಲಿಯೇ ಸಂದುಹೋದುವು.

ಅವರ ಕಣ್ಣ ಮುಂದೆಯೇ ಜಯಂಟ್ಸಿಗೆ ಶೆರ್ಮನ್ನರಾದ ಮೇಲೆ 1969ರಲ್ಲಿ ಅಲೆಕ್ಸ್ ವೆಬ್‌ಸ್ಟರ್, 1974ರಲ್ಲಿ ಬಿಲ್ ಆರ್ನ್ಸ್‌ಪಾರ್ಗರ್ ಮುಖ್ಯಸ್ಥರಾಗಿ ಬಂದರು. ವೆಬ್‌ಸ್ಟರರು ಟನೆಲ್ಲರ ಜತೆಯಲ್ಲಿಯೇ 1956ರ ವಿಜಯದಲ್ಲಿ ಪಾಲುಗೊಂಡಿದ್ದ ಆಟಗಾರರು. ಟನೆಲ್ಲರು ಮೂವರ ಕೈಕೆಳಗೂ ದುಡಿದರು. ಆದರೂ ಅವರು ಮುಖ ಗಂಟುಹಾಕಿಕೊಂಡು ಓಡಾಡಿದವರೆಂದು ಯಾರೂ ಹೇಳುವುದಿಲ್ಲ; ಹರಟೆಪ್ರಿಯರು, ಸ್ನೇಹಜೀವಿಗಳು ಎಂದೇ ಅವರ ಖ್ಯಾತಿ. 1965ರಲ್ಲಿ ಆಯ್ಕೆಯ ಹದಿಮೂರನೆಯ ಸುತ್ತಿನಲ್ಲಿ, ಎಂದರೆ ಯಾರ ಕಣ್ಣಿಗೂ ಅಷ್ಟಾಗಿ ಬೀಳದೆ ಬಂದ ಕಾರ್ಲ್ ಲಾಕ್‌ಹಾರ್ಟ್ ಎಂಬ ತೆಳ್ಳನೆಯ ಹುಡುಗನಿಗೆ ಜೇಡವೆಂಬ ಅರ್ಥದ ಸ್ಪೈಡರ್ ಎಂಬ ಅಡ್ಡಹೆಸರನ್ನಿಟ್ಟವರು ಅವರೇ. ಆ ಹುಡುಗನು 1966ರ ದುರ್ದಿನಗಳನ್ನೂ ಕಂಡು, ಟನೆಲ್ಲರ ಕೈಯಲ್ಲಿ ತಿದ್ದಿಸಿಕೊಂಡು, ತಂಡದ ಹಿಂದಿನ ಸಾಲಿನ ಆಧಾರಸ್ತಂಭವಾದನು.

1974ರಲ್ಲಿ ಟನೆಲ್ಲರಿಗೆ ಹೃದಯಾಘಾತವಾಯಿತು. ಓಡಾಟದ ಕೆಲಸವು ಬೇಡವೆಂದು ತಂಡದವರು ಅವರನ್ನು ಆಟಗಾರರ ಆಯ್ಕೆ ವಿಭಾಗಕ್ಕೆ ವರ್ಗಾಯಿಸಿದರು. ಅಲ್ಲಿಯೂ ಹುದ್ದೆ ಸಹಾಯಕನದೇ. 1975ರ ಜುಲೈ 23ರಂದು, ನ್ಯೂಯಾರ್ಕ್ ಸಂಸ್ಥಾನದ ಪ್ಲೆಸೆಂಟ್‌ವಿಲ್ ಎಂಬಲ್ಲಿ ಜಯಂಟ್ಸ್ ತಂಡದ ತಾಲೀಮು ಶಿಬಿರವು ನಡೆಯುತ್ತಿದ್ದಾಗ, ಶಿಬಿರದಲ್ಲಿಯೇ ಎರಡನೆಯ ಆಘಾತವಾಗಿ ಅವರು ತೀರಿಕೊಂಡರು. ವಯಸ್ಸು ಐವತ್ತೊಂದು.

ಅದೇ 1975ರಲ್ಲಿ ಅವರ ಗ್ರೀನ್ ಬೇಯ ಶಿಷ್ಯನಾದ ವಿಲಿ ವುಡ್, ವರ್ಲ್ಡ್ ಫುಟ್ಬಾಲ್ ಲೀಗ್ ಎಂಬ ಪ್ರತಿಸ್ಪರ್ಧಿ ಲೀಗಿನಲ್ಲಿ ಫಿಲಡೆಲ್ಫಿಯ ಬೆಲ್ ತಂಡದ ಮುಖ್ಯ ತರಬೇತುದಾರನಾದನು. ಟನೆಲ್ಲರು ಬೆಳೆದ ಊರಿಗೆ ಹತ್ತಿರದ ನಗರವೇ ಅದು. ಹಣವಿಲ್ಲದೆ ಆ ಲೀಗು ಅಕ್ಟೋಬರಿನಲ್ಲಿಯೇ ಮುಚ್ಚಿಹೋಯಿತು. ಲಾಕ್‌ಹಾರ್ಟನು ಆ ವರ್ಷದ ಋತುವನ್ನು ಜಯಂಟ್ಸಿಗಾಗಿ ಆಡಿ ಮುಗಿಸಿ, ಆಟದಿಂದ ನಿವೃತ್ತನಾದನು. ಗುರುವಿಟ್ಟ ಆ ಹೆಸರಿನಿಂದಲೇ ನ್ಯೂಯಾರ್ಕಿನ ಜನರು ಅವನನ್ನು ಕೊನೆಯವರೆಗೂ ಕರೆದರು.